ಮೂರನೇ ಒಂದರ ನಿಯಮ: ಒಂದು ಸ್ಪಷ್ಟನೆ

ಚೌಕಟ್ಟನ್ನು ಮೂರು ಪಾಲು ಮಾಡುವ ಗೆರೆಗಳ ಮೇಲೆ ಮುಖ್ಯ ವಸ್ತು ಕೂತರೆ ಮಾತ್ರ ಫೋಟೊ ಗೆಲ್ಲುತ್ತದೆ ಎಂಬ ಮಾತು ಹವ್ಯಾಸಿ ಛಾಯಾಗ್ರಾಹಕರ ನಡುವೆ ಹರಿದಾಡುತ್ತಿದ್ದು, ಅದು ಸರಿಯಲ್ಲ. 1797ರಲ್ಲಿ ಈ ನಿಯಮಕ್ಕೆ ಹೆಸರಿಟ್ಟ ಇಂಗ್ಲಿಷ್ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ ಬರೆದದ್ದು ಭೂದೃಶ್ಯದ ವರ್ಣಚಿತ್ರಗಳಲ್ಲಿ ನೆಲ, ಆಕಾಶ, ಬೆಳಕು, ನೆರಳುಗಳ ಪ್ರಮಾಣದ ಕುರಿತು. ಛಾಯಾಗ್ರಹಣ ಆಗಿನ್ನೂ ಹುಟ್ಟಿರಲಿಲ್ಲ.

1932ರಲ್ಲಿ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸಾನ್ ಪ್ಯಾರಿಸ್‌ನ ರೈಲು ನಿಲ್ದಾಣವೊಂದರ ಹಿಂದೆ ತೆಗೆದ ಪ್ರಸಿದ್ಧ ಚಿತ್ರದಲ್ಲಿ, ನೆಗೆದವನ ಹಿಮ್ಮಡಿ ನೀರನ್ನು ತಾಕಲು ಕೂದಲೆಳೆಯಷ್ಟೇ ಉಳಿದಿದೆ, ಕೆಳಗೆ ಅವನ ಪ್ರತಿಬಿಂಬ ತಲೆಕೆಳಗಾಗಿ ಕಾದಿದೆ, ಹಿಂದಿನ ಭಿತ್ತಿಪತ್ರದಲ್ಲೂ ಒಂದು ಆಕೃತಿ ಹಾಗೆಯೇ ಹಾರುತ್ತಿದೆ. ಕಣ್ಣು ಅಲ್ಲಿ ನಿಲ್ಲುವುದು ಆ ಕ್ಷಣಕ್ಕಾಗಿ, ಗೆರೆಗಾಗಿ ಅಲ್ಲ.

ಎಲ್ಲವನ್ನೂ ಅಭ್ಯಾಸಬಲದಿಂದ ನಟ್ಟನಡುವೆ ಇಡುವವರಿಗೆ ನಿಯಮ ಒಳ್ಳೆಯ ಊರುಗೋಲು, ನಿಜ. ಆದರೆ ನಿಶ್ಚಲ ನೀರಿನ ಪ್ರತಿಬಿಂಬ ತೆಗೆಯುವಾಗ ದಡದ ಗೆರೆ ನಡುವೆಯೇ ಇದ್ದರೆ ಎರಡು ಅರ್ಧಗಳೂ ಸಮನಾಗಿ ಒಂದನ್ನೊಂದು ನೋಡುತ್ತವೆ.