ಕಾಜ, ಗುಂಡಿ ಮತ್ತು ಕಣ್ಣೀರು

ಹೋದ ಮಳೆಗಾಲದಲ್ಲಿ ನಾನು ಒಂದು ಜಿಪ್ಪಿಗಾಗಿ ಅತ್ತುಬಿಟ್ಟೆ. ನನ್ನ ಜಿಪ್ ಅಲ್ಲ. ಇಂಗ್ಲೆಂಡಿನಲ್ಲಿ ಯಾರೋ ಒಬ್ಬ ಹೆಂಗಸು ಸ್ಕರ್ಟಿಗೆ ಹಚ್ಚುತ್ತಿದ್ದ ಜಿಪ್. ಸಮಯ ಮುಗಿಯಲು ಎರಡೇ ನಿಮಿಷ ಇತ್ತು, ಜಿಪ್ ಉಲ್ಟಾ ಕೂತಿತ್ತು. ಹೊರಗೆ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿತ್ತು. ಒಳಗೆ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ. ನನ್ನ ಮಳೆ ಜಾಕೆಟಿನ ಜಿಪ್ ಕೆಟ್ಟು ಎರಡು ವರ್ಷ ಆಗಿದೆ. ಅದಕ್ಕೆ ಮನೆಯಲ್ಲಿ ಯಾರೂ ಅತ್ತಿಲ್ಲ.

ಇದು ಮಗಳು ಹತ್ತಿಸಿದ ಗೀಳು. ‘ದಿ ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ’ ಅಂತ ಒಂದು ಹೊಲಿಗೆಯ ಟಿವಿ ಸ್ಪರ್ಧೆ. ಬೀ ಅಂದ ಕೂಡಲೇ ಕೊಡಗಿನವನಾದ ನನಗೆ ಜೇನು ನೆನಪಾಯಿತು. ಅದಲ್ಲವಂತೆ. ನಾಲ್ಕು ಜನ ಒಟ್ಟಿಗೆ ಸೇರಿ ಕೆಲಸ ಮಾಡುವುದಕ್ಕೆ ಅಲ್ಲಿ ಆ ಹೆಸರು. ನಾಟಿಗೆ ಮುಯ್ಯಾಳು ಸೇರುತ್ತಿದ್ದರಲ್ಲ, ಹಾಗೆ. 2013ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. ಸ್ಪರ್ಧಿಗಳು ಯಾರೂ ಕಸುಬಿನ ಟೈಲರ್‌ಗಳಲ್ಲ. ಮನೆಯಲ್ಲಿ ಖುಷಿಗೆ ಹೊಲಿದುಕೊಳ್ಳುವವರು. ಮೊದಲ ಸಲ ಗೆದ್ದ ಆ್ಯನ್ ರೌಲಿ ಅವರಿಗೆ ಆಗ 81 ವರ್ಷ. ನಮ್ಮ ಕಡೆ 81 ಅಂದರೆ ಸೂಜಿಗೆ ದಾರ ಪೋಣಿಸಲು ಮೊಮ್ಮಗನನ್ನು ಕೂಗುವ ವಯಸ್ಸು.

ಪ್ರತಿ ಕಂತಿನಲ್ಲಿ ಮೂರು ಸುತ್ತು. ಮೊದಲನೆಯದರಲ್ಲಿ ಕಾಗದದ ಪ್ಯಾಟರ್ನ್ ಕೊಡುತ್ತಾರೆ, ಅದರಂತೆ ಕತ್ತರಿಸಿ ಹೊಲಿಯಬೇಕು. ಎರಡನೆಯದು ಹಳೆ ಬಟ್ಟೆಯನ್ನು ಕೊಟ್ಟು ಹೊಸತೇನೋ ಮಾಡಿಸುವ ಸುತ್ತು. ಮೂರನೆಯದರಲ್ಲಿ ಒಬ್ಬ ಮಾಡೆಲ್ ಬಂದು ನಿಲ್ಲುತ್ತಾರೆ, ಅವರ ಅಳತೆಗೆ ಸರಿಯಾಗಿ ಉಡುಪು ಹೊಲಿದು ತೊಡಿಸಬೇಕು. ಆಮೇಲೆ ಲಂಡನ್ನಿನ ಸ್ಯಾವಿಲ್ ರೋದ ಸೂಟಿನಂಗಡಿ ನಡೆಸಿದ ಪ್ಯಾಟ್ರಿಕ್ ಗ್ರ್ಯಾಂಟ್ ಬಂದು ಬಟ್ಟೆಯನ್ನು ಒಳಗಡೆಯಿಂದ ತಿರುಗಿಸಿ ನೋಡುತ್ತಾರೆ. 2016ರಿಂದ ಅವರ ಜೊತೆ ತೀರ್ಪು ಕೊಡಲು ಎಸ್ಮೆ ಯಂಗ್ ಇದ್ದಾರೆ. ಆಕೆ ಕನ್ನಡಕದ ಮೇಲಿಂದ ನೋಡಿದರೆ ನನ್ನ ಪ್ಯಾಂಟಿನ ಅಂಚೂ ನಡುಗುತ್ತದೆ. ಗೆದ್ದವರಿಗೆ ಕಾರಿಲ್ಲ, ಫ್ಲ್ಯಾಟಿಲ್ಲ. ಒಂದು ಟ್ರೋಫಿ, ನಾಲ್ಕು ಅಪ್ಪುಗೆ, ಅಷ್ಟೇ.

ಇದನ್ನು ನಾನು ನಮ್ಮ ಓಣಿಯ ಹೊಲಿಗೆ ಅಕ್ಕನಿಗೆ ತೋರಿಸಿದೆ. ವಿರಾಜಪೇಟೆಯಲ್ಲಿ ನಮ್ಮ ಮನೆಯಿಂದ ಮೂರನೇ ಮನೆ. ಬೋರ್ಡಿಲ್ಲ. ಜಗಲಿಯಲ್ಲಿ ಒಂದು ಕಾಲು ಮೆಷಿನ್, ಒಂದು ಸ್ಟೂಲು, ಬಕೆಟಿನ ತುಂಬ ಚೂರು ಬಟ್ಟೆ. ಮಳೆಗಾಲದಲ್ಲಿ ಕರೆಂಟು ಮೂರು ಮೂರು ದಿನ ಹೋಗುತ್ತದೆ ಅಂತ ಮೋಟಾರು ಹಾಕಿಸಿಲ್ಲ. ತೇವಕ್ಕೆ ಮೆಷಿನ್ನಿನ ಚರ್ಮದ ಬೆಲ್ಟ್ ಸಡಿಲವಾಗುತ್ತದೆ, ಅದನ್ನು ಕತ್ತರಿಸಿ ಮತ್ತೆ ಪಿನ್ ಹಾಕುತ್ತಾರೆ. ಒಣಗದ ಲೈನಿಂಗ್ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಾರೆ. ಹಾಗಾಗಿ ಜುಲೈನಲ್ಲಿ ಹೊಲಿಸಿದ ಬ್ಲೌಸಿಗೆ ಹಂದಿ ಪಲ್ಯದ ಒಗ್ಗರಣೆ ವಾಸನೆ ಪುಕ್ಕಟೆ.

ಅಕ್ಕ ಕಾಲು ತುಳಿಯುತ್ತಲೇ ನನ್ನ ಮೊಬೈಲ್ ನೋಡಿದರು. ಮೊದಲ ಪ್ರಶ್ನೆ, ‘ಆ ಗಡಿಯಾರ ಯಾಕಣ್ಣ?’

‘ಟೈಮ್ ಅಕ್ಕ. ಒಂದೂವರೆ ಗಂಟೆ ಕೊಡ್ತಾರೆ. ಅಷ್ಟರಲ್ಲಿ ಮುಗಿಸ್ಬೇಕು.’

ಅಕ್ಕ ಗೋಡೆ ತೋರಿಸಿದರು. ಗೋಡೆಗೆ ಮದುವೆ ಕಾರ್ಡುಗಳನ್ನು ತಾರೀಕಿನ ಪ್ರಕಾರ ಸಾಲಾಗಿ ಚುಚ್ಚಿದ್ದಾರೆ. ಏಪ್ರಿಲ್, ಮೇ ಬಂದರೆ ಗೋಡೆಯೇ ಕಾಣುವುದಿಲ್ಲ. ‘ನನ್ನ ಗಡಿಯಾರ ಅದು. ಅಲ್ಲಿ ತಡ ಆದ್ರೆ ಮನೆಗೆ ಕಳಿಸ್ತಾರೆ. ಇಲ್ಲಿ ತಡ ಆದ್ರೆ ಮನೆಗೇ ಬರ್ತಾರೆ.’

ಹಳೆ ಬಟ್ಟೆಯ ಸುತ್ತು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಸೀರೆ ಹಳತಾದರೆ ಮಗುವಿಗೆ ಲಂಗ, ಉಳಿದದ್ದು ದಿಂಬಿನ ಕವರ್, ಅದೂ ಹರಿದರೆ ಕಾಲೊರಸು. ಇದಕ್ಕೆ ಸ್ಪರ್ಧೆ ಇಟ್ಟು ಕಪ್ಪು ಕೊಡುವುದಾದರೆ ನಮ್ಮ ಅಜ್ಜಿಯಂದಿರ ಮನೆಯಲ್ಲಿ ಕಪ್ಪಿಡಲು ಅಟ್ಟ ಸಾಲದು. ಹಾಗೆ ನೋಡಿದರೆ ಈ ಸುತ್ತನ್ನು ಮೊದಲು ಗೆದ್ದವಳು ಕಾವೇರಮ್ಮ. ಬಲಮುರಿಯಲ್ಲಿ ಅವಳ ರಭಸಕ್ಕೆ ಹೆಂಗಸರ ಸೀರೆಯ ನಿರಿಗೆ ಮುಂದಿನಿಂದ ಹಿಂದಕ್ಕೆ ಸರಿಯಿತು, ಅದೇ ಕೊಡವ ಸೀರೆಯ ಉಡುಗೆ ಆಯಿತು ಅಂತ ಹಿರಿಯರು ಹೇಳುತ್ತಾರೆ. ಗಡಿಯಾರವಿಲ್ಲ, ಕತ್ತರಿಯಿಲ್ಲ, ಒಂದೇ ಅಲೆ. ಇವತ್ತಿಗೂ ಯಾವ ಜಡ್ಜೂ ತಕರಾರು ತೆಗೆದಿಲ್ಲ.

ಆದರೆ ಅಳತೆಯ ಸುತ್ತು ಬಂದಾಗ ಅಕ್ಕ ತುಳಿಯುವುದನ್ನು ನಿಲ್ಲಿಸಿದರು. ‘ನಿಜವಾಗ್ಲೂ ಮನುಷ್ಯರನ್ನೇ ನಿಲ್ಲಿಸ್ತಾರಾ?’ ಅಂದರು. ಅವರಿಗೆ ಬರುವುದು ಅಳತೆ ಬ್ಲೌಸ್ ಮಾತ್ರ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಗನ ಕೈಯಲ್ಲಿ ಕಳಿಸಿದ್ದು. ಜೊತೆಗೆ ಫೋನು. ‘ಅಕ್ಕ, ಅಳತೆ ಇದೇ. ತೋಳು ಮಾತ್ರ ಸ್ವಲ್ಪ ಲೂಸು. ಎದೆ ಸ್ವಲ್ಪ ಟೈಟು. ಉದ್ದ ಒಂದಿಂಚು ಜಾಸ್ತಿ. ಕುತ್ತಿಗೆ ಇದರದ್ದು ಬೇಡ, ವಾಟ್ಸಾಪ್ ಮಾಡಿದೀನಿ ನೋಡಿ.’ ಹಾಗಾದರೆ ಇದು ಯಾವುದರ ಅಳತೆ ಅಂತ ಕೇಳುವ ಹಾಗಿಲ್ಲ.

ಪ್ಯಾಟ್ರಿಕ್ ಗ್ರ್ಯಾಂಟ್ ಬಗ್ಗೆ ಮಾತ್ರ ಅಕ್ಕನಿಗೆ ಗೌರವ. ‘ಒಳಗಡೆ ತಿರುಗಿಸಿ ನೋಡ್ತಾರಲ್ಲ, ಆ ಮನುಷ್ಯರಿಗೆ ಕೆಲಸ ಗೊತ್ತುಂಟು’ ಅಂದರು.

ಮಗಳು ಕೇಳಿದಳು, ‘ಅಪ್ಪ, ಇಂಥದ್ದು ಕನ್ನಡದಲ್ಲಿ ಯಾಕಿಲ್ಲ?’ ಇಲ್ಲದಿರುವುದೇ ಒಳ್ಳೆಯದು ಮಗಳೇ, ಅಂದೆ. ನಮ್ಮ ಚಾನೆಲ್ಲುಗಳ ಕೈಗೆ ಒಂದು ಸೂಜಿ ಸಿಕ್ಕರೆ ಏನಾಗುತ್ತದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲು ಆಡಿಷನ್. ಹೊಲಿಗೆ ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ‘ಜೀವನದಲ್ಲಿ ಏನಾದ್ರೂ ದುಃಖ ಇದೆಯಾಮ್ಮ?’ ಅಂತ ಕೇಳುತ್ತಾರೆ. ‘ಇಲ್ಲ ಸರ್, ಈ ಸಲ ಕಾಫಿ ರೇಟು ಚೆನ್ನಾಗಿತ್ತು’ ಅಂದವರು ಅಲ್ಲೇ ಔಟ್. ಆಯ್ಕೆಯಾದವರ ಪ್ರೋಮೋ ಮಡಿಕೇರಿಯ ರಾಜಾಸೀಟಿನಲ್ಲಿ. ಅದಕ್ಕೆ ಮಂಜು ಬೇಕಲ್ಲ? ಮಂಜಿನ ಮೆಷಿನ್ ಬೆಂಗಳೂರಿನಿಂದ ಲಾರಿಯಲ್ಲಿ ಬರುತ್ತದೆ. ದಾರಿಯಲ್ಲಿ ಮಡಿಕೇರಿ ಹತ್ತಿರದ ಮಂಜಿನಲ್ಲಿ ರಸ್ತೆ ಕಾಣದೆ ಲಾರಿ ಎರಡು ಗಂಟೆ ನಿಲ್ಲುತ್ತದೆ. ನಿಜವಾದ ಮಂಜೇ ಇದೆಯಲ್ಲ ಅಂದರೆ, ‘ಅದು ಹೇಳಿದ ಟೈಮಿಗೆ ಬರಲ್ಲ ಸರ್’ ಅನ್ನುತ್ತಾರೆ.

ಆಮೇಲೆ ವೇಷ. ಕೊಡಗಿನಿಂದ ಬಂದವರು ಅಂದರೆ ಮುಗಿಯಿತು. ಅರೆಭಾಷೆಯವರಿರಲಿ, ಮಲಯಾಳ ಮಾತಾಡುವವರಿರಲಿ, ಶನಿವಾರಸಂತೆಯಲ್ಲಿ ಅಪ್ಪಟ ಕನ್ನಡ ಮಾತಾಡುವವರಿರಲಿ, ಎಲ್ಲರಿಗೂ ಹಿಂದೆ ನಿರಿಗೆಯ ಸೀರೆ ಗ್ಯಾರಂಟಿ. ಗಂಡಸಾದರೆ ಕುಪ್ಯ ಅನ್ನುವ ಉದ್ದ ಕೋಟು, ಸೊಂಟಕ್ಕೆ ಚೇಲೆ ಪಟ್ಟಿ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ. ಬಟ್ಟೆಯನ್ನು ಕತ್ತರಿಯಲ್ಲಿ ಯಾಕೆ ಕತ್ತರಿಸುತ್ತೀರಿ, ಪೀಚೆಕತ್ತಿಯಲ್ಲಿ ಕತ್ತರಿಸಿ, ಟಿಆರ್‌ಪಿ ಬರತ್ತೆ ಅಂತ ಡೈರೆಕ್ಟರ್ ಹೇಳದಿದ್ದರೆ ನನ್ನ ಹೆಸರು ಬದಲಿಸಿ.

ಜಡ್ಜುಗಳ ಜಾಗದಲ್ಲಿ ಒಬ್ಬ ಹಾಸ್ಯ ನಟ, ಒಬ್ಬ ಮಾಜಿ ನಾಯಕಿ, ಇನ್ನೊಬ್ಬ ಯಾಕೆ ಕೂತಿದ್ದಾನೆಂದು ಅವನಿಗೂ ಗೊತ್ತಿರುವುದಿಲ್ಲ. ಯಾರೂ ಬಟ್ಟೆಯನ್ನು ಒಳಗಡೆ ತಿರುಗಿಸಿ ನೋಡುವುದಿಲ್ಲ. ಕಾಜ ಹಾಕುವ ಹೊತ್ತಿಗೆ ಹಿನ್ನೆಲೆಯಲ್ಲಿ ಪಿಟೀಲು. ಬಾಬಿನ್ನಿನಲ್ಲಿ ದಾರ ಮುಗಿದರೆ ಮೂರು ಸಲ ಗುಡುಗು, ಮೂರು ದಿಕ್ಕಿನಿಂದ ಮುಖಕ್ಕೆ ಝೂಮ್, ಬ್ರೇಕ್. ಬ್ರೇಕಿನ ನಂತರ ನೋಡಿದರೆ ದಾರ ಮುಗಿದಿದ್ದು ಬೇರೆಯವರದ್ದು. ನಡುವೆ ವೈಲ್ಡ್ ಕಾರ್ಡ್ ಎಂಟ್ರಿ. ಅದಕ್ಕೆ ನಮ್ಮ ಕಡೆ ಬೇರೆ ಅರ್ಥ ಇದೆ. ಸಿದ್ದಾಪುರದ ತೋಟಗಳ ಹತ್ತಿರ ಸಂಜೆ ಆರರ ಮೇಲೆ ಸೆಟ್ ಹಾಕಿ ನೋಡಲಿ, ಸೊಂಡಿಲು ಬೀಸಿಕೊಂಡೇ ಎಂಟ್ರಿ ಆಗುತ್ತದೆ.

ಸ್ಪರ್ಧೆ ನಮಗೆ ಹೊಸದಲ್ಲ ಬಿಡಿ. ಮಡಿಕೇರಿ ದಸರೆಯಲ್ಲಿ ಹತ್ತು ಮಂಟಪಗಳು ರಾತ್ರಿಯಿಡೀ ಪೈಪೋಟಿಗೆ ಬೀಳುತ್ತವೆ. ತೀರ್ಪಿನ ಮೇಲೆ ಜಗಳವಾಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಒಕ್ಕದ, ಅಂದರೆ ಮನೆತನದ ಹೆಸರಲ್ಲಿ ಹಾಕಿ ಆಡುವ ಜನ ನಾವು. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಬಂದವು. ಹೊಲಿಗೆಯನ್ನೂ ಒಕ್ಕದ ಲೆಕ್ಕದಲ್ಲಿ ಇಟ್ಟರೆ ಪೆನಾಲ್ಟಿ ಕಾರ್ನರ್ ಬದಲು ಕಾಲರ್ ಕಾರ್ನರ್. ಒಂದು ಗಂಡಸೂ ಮೈದಾನಕ್ಕೆ ಇಳಿಯುವುದಿಲ್ಲ ಅನ್ನುವುದೊಂದೇ ಸಮಸ್ಯೆ.

ಇನ್ನೊಂದು ಕಾರ್ಯಕ್ರಮ ಮಾತ್ರ ನಮ್ಮಲ್ಲಿ ಟಿವಿ ಇಲ್ಲದೆಯೇ ನಡೆಯುತ್ತಿದೆ. ಹೊಲಿಗೆ ಯಂತ್ರ ವಿತರಣೆ. ವೇದಿಕೆ ಮೇಲೆ ಒಂದು ಮೆಷಿನ್, ಅದನ್ನು ಹಿಡಿದುಕೊಂಡು ಒಂಬತ್ತು ಜನ. ಒಂಬತ್ತೂ ಜನ ಕ್ಯಾಮೆರಾ ನೋಡುತ್ತಿರುತ್ತಾರೆ. ಪಡೆಯುವ ಹೆಂಗಸು ಮಾತ್ರ ಫೋಟೋದಲ್ಲಿ ಯಾರದೋ ಶಾಲಿನ ಹಿಂದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರದ ವಿಶ್ವಕರ್ಮ ಯೋಜನೆ ಬಂತು. 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು, ತರಬೇತಿ ಉಂಟು, ಉಪಕರಣಕ್ಕೆ 15,000 ರೂಪಾಯಿ ಉಂಟು. ಒಳ್ಳೆಯದೇ. ಆದರೆ ಸೈಬರ್ ಅಂಗಡಿಯ ಬಾಗಿಲಿಗೆ ‘ಉಚಿತ ಹೊಲಿಗೆ ಯಂತ್ರ’ ಅಂತ ಚೀಟಿ ಅಂಟಿದ ದಿನ ನಮ್ಮೂರಲ್ಲಿ ಇಷ್ಟೊಂದು ದರ್ಜಿಗಳಿದ್ದಾರೆಂದು ನನಗೆ ಗೊತ್ತಾಯಿತು. ಸಾಲಿನಲ್ಲಿ ನನ್ನ ಭಾವನೂ ಇದ್ದ. ಅವನ ಲುಂಗಿಗೆ ಇವತ್ತಿಗೂ ಸೇಫ್ಟಿ ಪಿನ್ನೇ ಗತಿ. ಇದೆಲ್ಲ ನಡೆಯುವಾಗ ಹೊಲಿಗೆ ಅಕ್ಕ ಎಲ್ಲಿದ್ದರು ಅಂತ ಕೇಳಿದರೆ, ‘ಆವತ್ತು ಹನ್ನೆರಡು ಬ್ಲೌಸ್ ಕೊಡೋದಿತ್ತು, ಸಾಲಲ್ಲಿ ನಿಲ್ಲಕ್ಕೆ ಯಾರಿಗೆ ಪುರುಸೊತ್ತು’ ಅಂದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಗೋಣಿಕೊಪ್ಪದಲ್ಲಿ ಒಂದು ಮದುವೆ. ನನ್ನ ಕಪ್ಪು ಕುಪ್ಯ ಹೊಟ್ಟೆಯ ಹತ್ತಿರ ಸಹಕರಿಸಲಿಲ್ಲ. ಅದು ಅಪ್ಪನ ಕಾಲದ್ದು. ಹೆಂಡತಿಯ ಮೂರು ಬ್ಲೌಸಿನ ಜೊತೆ ಅದನ್ನೂ ಅಕ್ಕನಿಗೆ ಕೊಟ್ಟೆ. ಅವರು ಮೊದಲು ಮಾಡಿದ್ದೇ ಒಳಗಡೆ ತಿರುಗಿಸಿದ್ದು. ‘ನೋಡಿ ಅಣ್ಣ, ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದಾರೆ ಹಳೆ ಟೈಲರು. ನಿಮ್ಮ ಹೊಟ್ಟೆ ಬರೋದು ಅವರಿಗೆ ಆಗಲೇ ಗೊತ್ತಿತ್ತು.’

ಮದುವೆಯ ಹಿಂದಿನ ಸಂಜೆ ತರಲು ಹೋದೆ. ಬ್ಲೌಸುಗಳು ಮಡಚಿಟ್ಟಿದ್ದವು. ಕುಪ್ಯದ ಹೊಲಿಗೆ ಬಿಚ್ಚಿ, ಬಟ್ಟೆ ಬಿಟ್ಟು, ಮತ್ತೆ ಕೂಡಿಸಿದ್ದು ಎಲ್ಲಿ ಅಂತ ನನಗೆ ಕಾಣಲಿಲ್ಲ. ಕೆಳಗಿನ ಅಂಚಿನ ಕೈಹೊಲಿಗೆ ನಡೆಯುತ್ತಿತ್ತು. ಪ್ಯಾಟ್ರಿಕ್ ಗ್ರ್ಯಾಂಟ್ ಇದ್ದಿದ್ದರೆ ಕೈಕುಲುಕುತ್ತಿದ್ದರು. ನಾನು ಏನು ಮಾಡಿದೆ?

‘ಎಷ್ಟಾಯ್ತು ಅಕ್ಕ?’

‘ಸಾವಿರದ ನಾನೂರು.’

‘ಸಾವಿರದ ಮುನ್ನೂರು ಮಾಡಿ. ಮನೇಲೇ ತಾನೆ ಹೊಲಿಯೋದು, ಅಂಗಡಿ ಬಾಡಿಗೆ ಏನಿಲ್ಲವಲ್ಲ.’

ಬಾಯಿಂದ ಹೊರಗೆ ಬಂದ ಮೇಲೆ ನನಗೇ ಕೇಳಿಸಿತು. ಇಂಗ್ಲೆಂಡಿನ ಜಿಪ್ಪಿಗೆ ಅತ್ತ ಮನುಷ್ಯ ನಾನು. ಅಕ್ಕ ಸಿಟ್ಟು ಮಾಡಿಕೊಳ್ಳಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದರು. ಕುಪ್ಯವನ್ನು ಮಡಚಿದರು. ಸೂಜಿಯನ್ನು ಅದರ ಕಾಲರಿಗೆ ಚುಚ್ಚಿದರು.

‘ಸರಿ ಅಣ್ಣ, ಸಾವಿರದ ಮುನ್ನೂರೇ ಕೊಡಿ. ಅಂಚು ಅರ್ಧ ಆಗಿದೆ. ಮಿಕ್ಕಿದ್ದು ಮನೇಲೇ ತಾನೆ, ನೀವೇ ಹಾಕ್ಕೊಳ್ಳಿ.’

ಕಪ್ಪು ಬಟ್ಟೆ, ಕಪ್ಪು ದಾರ, ರಾತ್ರಿ ಒಂಬತ್ತು ಗಂಟೆ, ಮಿಣಮಿಣ ಕರೆಂಟು. ಊಟದ ಮೇಜಿನ ಮೇಲೆ ಕುಪ್ಯ ಹರಡಿಕೊಂಡು ಕೂತೆ. ಸೂಜಿಯ ಕಣ್ಣು ಎಲ್ಲಿದೆ ಅಂತ ಹುಡುಕಲು ಕನ್ನಡಕ ಬೇಕಾಯಿತು. ಕನ್ನಡಕ ಹುಡುಕಲು ಮಗಳು ಬೇಕಾದಳು. ಅವಳು ಕನ್ನಡಕ ತಂದುಕೊಟ್ಟು, ಮೊಬೈಲನ್ನು ನನ್ನ ಮುಂದೆ ನಿಲ್ಲಿಸಿ ಟೈಮರ್ ಒತ್ತಿದಳು.

‘ಒಂದೂವರೆ ಗಂಟೆ ಅಪ್ಪ. ಈಗಿಂದ.’

ಹೆಂಡತಿ ಟಿವಿ ಆಫ್ ಮಾಡಿ, ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಬಂದು ಕೂತಳು.