ಗೆದ್ದಲಿನ ಶ್ರಮ, ಹಾವಿನ ಮನೆ

ಖ್ಯಾತನಾಮರ ಭಾವಚಿತ್ರ ತೆಗೆಯುವ ವೃತ್ತಿಗೆ ಇಳಿಯಬೇಕೆಂದಿರುವವರು ಬೆಳಕು, ಮಸೂರಗಳ ಪಾಠಕ್ಕೆ ಮೊದಲು ಅಂತರ್ಧಾನರಾಗುವ ವಿದ್ಯೆಯನ್ನು ಕಲಿಯುವುದು ಒಳಿತು. ಚಿತ್ರ ಚೆನ್ನಾಗಿ ಬಂದರೆ ಅದು ಕೂತವರ ಮುಖದ ಕಳೆ. ಕೆಟ್ಟರೆ ಮಾತ್ರ ತೆಗೆದವರು ಯಾರೆಂಬ ವಿಚಾರಣೆ ನಡೆಯುತ್ತದೆ.

ಅಮೆರಿಕದ ಲಿನ್ ಗೋಲ್ಡ್‌ಸ್ಮಿತ್ ಅವರಿಗೆ ಈ ವಿದ್ಯೆ ಒಲಿಯಲಿಲ್ಲ. 1981ರಲ್ಲಿ, ಆಗಿನ್ನೂ ಮೇಲೇರುತ್ತಿದ್ದ ಗಾಯಕ ಪ್ರಿನ್ಸ್ ಅವರನ್ನು ಸ್ಟುಡಿಯೊಗೆ ಕರೆಸಿ, ಕಣ್ರೆಪ್ಪೆಗೆ ಬಣ್ಣವನ್ನೂ ತುಟಿಗೆ ಹೊಳಪನ್ನೂ ಕೊಟ್ಟು, ಮುಖದ ಮೂಳೆಗಳ ಗೆರೆ ಎದ್ದು ಕಾಣುವಂತೆ ದೀಪಗಳನ್ನು ಹೊಂದಿಸಿ ಅವರು ಚಿತ್ರ ತೆಗೆದರು. 1984ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆ ಒಂದೇ ಒಂದು ಬಾರಿಯ ಬಳಕೆಗೆಂದು 400 ಡಾಲರ್ ತೆತ್ತು, ಆ ಚಿತ್ರವನ್ನು ಹೆಸರಾಂತ ಪಾಪ್ ಕಲಾವಿದ ಆ್ಯಂಡಿ ವಾರ್ಹಾಲ್ ಅವರಿಗೆ ಆಧಾರವಾಗಿ ಒದಗಿಸಿತು. ಕಲಾವಿದರಿಗೆ ಲೆಕ್ಕದ ಗೊಡವೆ ಎಲ್ಲಿಯದು? ಅವರು ಒಂದಲ್ಲ, 16 ಕೃತಿ ರಚಿಸಿದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲೊಂದನ್ನು ಮುಖಪುಟಕ್ಕೆ ಬಳಸಿದ ಪ್ರಕಾಶನ ಸಂಸ್ಥೆ ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಕೊಟ್ಟಿತು. ಛಾಯಾಗ್ರಾಹಕಿಗೆ ಹಣವೂ ಇಲ್ಲ, ಹೆಸರೂ ಇಲ್ಲ.

ಇದು ನ್ಯಾಯವೇ ಎಂದು ಅವರು ಕೇಳಿದಾಗ ಮೊದಲು ನ್ಯಾಯಾಲಯಕ್ಕೆ ಓಡಿದ್ದು ಕಳೆದುಕೊಂಡವರಲ್ಲ, ಪಡೆದುಕೊಂಡ ಪ್ರತಿಷ್ಠಾನ! ಅಳುಕು ತುಂಬಿದ ವ್ಯಕ್ತಿಯನ್ನು ವಾರ್ಹಾಲ್ ಅತಿಮಾನುಷ ಪ್ರತಿಮೆಯಾಗಿ ಮಾರ್ಪಡಿಸಿದ್ದಾರೆಂದು 2019ರಲ್ಲಿ ಕೆಳಗಿನ ನ್ಯಾಯಾಲಯ ಮೆಚ್ಚಿಕೊಂಡಿತು. ಆ ಅಳುಕನ್ನು ಹಿಡಿಯುವುದೇ ಭಾವಚಿತ್ರಕಾರರ ಕಸುಬು ಎಂಬುದು ಕ್ಷುಲ್ಲಕ ವಿಷಯವಿರಬೇಕು. 2016ರಲ್ಲಿ ಪ್ರತಿಷ್ಠಾನ ಮುಖಪುಟಕ್ಕೆಂದು ಕೊಟ್ಟ ಪರವಾನಗಿ, ಅನುಮತಿಯಿಲ್ಲದೆಯೂ ಪರರ ಕೃತಿ ಬಳಸಲು ಕಾನೂನು ಕೊಡುವ ‘ನ್ಯಾಯಯುತ ಬಳಕೆ’ ಎಂಬ ವಿನಾಯಿತಿಯ ನೆರಳಿಗೆ ಸರಿಯಲಾರದೆಂದು ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಹೇಳುವ ಹೊತ್ತಿಗೆ 2023 ಬಂದಿತ್ತು.

ಕೆನಡಾದ ಯೂಸುಫ್ ಕಾರ್ಷ್ ಅವರ ಕಥೆಯೂ ಕಡಿಮೆಯಿಲ್ಲ. 1941ರ ಡಿಸೆಂಬರ್ 30ರಂದು ಒಟ್ಟಾವದ ಸಂಸತ್ ಭವನದಲ್ಲಿ ಅವರು ಚರ್ಚಿಲ್ ಬಾಯಿಂದ ಸಿಗಾರನ್ನು ಕಿತ್ತುಕೊಂಡು ಕ್ಯಾಮೆರಾ ಗುಂಡಿ ಒತ್ತಿದರು. ಸಿಗಾರು ಕಳೆದುಕೊಂಡವರ ಸಿಡುಕನ್ನು ಜಗತ್ತು ಹಿಟ್ಲರನ ವಿರುದ್ಧದ ಬ್ರಿಟನ್ನಿನ ಛಲವೆಂದು ಓದಿಕೊಂಡಿತು. ಮುಂದೆ ಆ ಸಿಡುಕೇ ಐದು ಪೌಂಡಿನ ನೋಟಿನ ಮೇಲೂ ಕುಳಿತಿತು. ಕಾರ್ಷ್ ಬಹುಕಾಲ ವಾಸವಿದ್ದ ಒಟ್ಟಾವದ ಹೋಟೆಲಿನ ಗೋಡೆಯಲ್ಲಿ ಇದೇ ಚಿತ್ರದ ಸಹಿ ಮಾಡಿದ ಪ್ರತಿಯೊಂದು ತೂಗುತ್ತಿತ್ತು. 2021ರ ಕೊನೆಗೋ ಮರುವರ್ಷದ ಆರಂಭಕ್ಕೋ ಯಾರೋ ಅದನ್ನು ಒಯ್ದು, ಖೊಟ್ಟಿ ಸಹಿಯಿದ್ದ ನಕಲನ್ನು ತೂಗುಹಾಕಿದರು. ತಿಂಗಳುಗಟ್ಟಲೆ ಅತಿಥಿಗಳು ಅದರ ಮುಂದೆ ಓಡಾಡಿದರು. 2022ರ ಆಗಸ್ಟ್‌ನಲ್ಲಿ ಸಿಬ್ಬಂದಿಯೊಬ್ಬರಿಗೆ ಸಂಶಯ ಬಂದದ್ದು ಮುಖವನ್ನು ನೋಡಿ ಅಲ್ಲ, ಸಹಿಯನ್ನು ನೋಡಿಯೂ ಅಲ್ಲ. ಅಕ್ಕಪಕ್ಕದ ಚಿತ್ರಗಳ ಚೌಕಟ್ಟಿಗೆ ಇದರ ಚೌಕಟ್ಟು ಹೊಂದುತ್ತಿರಲಿಲ್ಲ.