ತುಳಿಯಲು ಹುಟ್ಟಿದ್ದು, ಗಾಜಿನೊಳಗೆ ಕೂತಿದ್ದು

ನನ್ನ ಅಕ್ಕನ ಮಗನ ಬಳಿ ಒಂದು ಗಿಟಾರ್ ಇದೆ, 31 ಪೆಡಲ್‌ಗಳಿವೆ. ನುಡಿಸಲು ಬರುವ ಹಾಡು ಒಂದೂವರೆ.

ಪೆಡಲ್ ಎಂದರೆ ಸೈಕಲ್ಲಿನದಲ್ಲ. ರಸಮಂಜರಿ ವೇದಿಕೆಯಲ್ಲಿ ಗಿಟಾರಿನವನ ಕಾಲ ಬುಡದಲ್ಲಿ ಬಿದ್ದಿರುವ ತಗಡಿನ ಡಬ್ಬಿ. ಕಾಲಿನಿಂದ ಗುಂಡಿ ಒತ್ತಿದರೆ, ಸಾಧುವಾಗಿದ್ದ ತಂತಿಯ ದನಿ ಮಿಲ್ಲಿನ ಯಂತ್ರದಂತೆ ಗೊರಗುಟ್ಟುತ್ತದೆ. ಒತ್ತಿದರೆ ಎಂದೆ. ಅಕ್ಕನ ಮಗ ಒತ್ತುವುದಿಲ್ಲ. ಒತ್ತಿದರೆ ಬಣ್ಣ ಸವೆಯುತ್ತದೆ, ಬಣ್ಣ ಸವೆದರೆ ಬೆಲೆ ಸವೆಯುತ್ತದೆ. ಆದ್ದರಿಂದ ತುಳಿಸಿಕೊಳ್ಳಲೆಂದೇ ಹುಟ್ಟಿದ ಈ ವಸ್ತುಗಳು ಬೆಂಗಳೂರಿನ ಅವನ ಮನೆಯ ಗಾಜಿನ ಬೀರುವಿನಲ್ಲಿ ಸಾಲಾಗಿ ಕೂತಿವೆ. ಅಕ್ಕನ ಮದುವೆಯ ಬೆಳ್ಳಿ ತಟ್ಟೆಗಳು ಕೆಳಗಿನ ಖಾನೆಗೆ ಇಳಿದಿವೆ.

ಈ ಸಲ ಗಣಪತಿ ಹಬ್ಬಕ್ಕೆ ದಾವಣಗೆರೆಗೆ ಬಂದವನು ಬೆಣ್ಣೆದೋಸೆ ತಣ್ಣಗಾಗುವವರೆಗೂ ನನಗೆ ಕ್ಲಾನ್ ಸೆಂಟಾರ್ ಎಂಬ ಪೆಡಲ್ಲಿನ ಮಹಾತ್ಮೆ ಹೇಳಿದ. ಅಮೆರಿಕದ ಬಿಲ್ ಫಿನ್ನೆಗನ್ ಎಂಬಾತ 1994ರಿಂದ ಅದನ್ನು ತಯಾರಿಸಿದ. ಒಟ್ಟು ಸುಮಾರು 8,000. ಒಳಗಿನ ಸರ್ಕ್ಯೂಟ್ ಯಾರಿಗೂ ಕಾಣದಿರಲೆಂದು ಮೇಲೆ ಕರಿಯ ಅಂಟು ಸುರಿದಿದ್ದ. ಹೊಸದಾಗಿ ಕೊಂಡವರು ಕೊಟ್ಟದ್ದು 400 ಡಾಲರಿಗೂ ಕಡಿಮೆ. ಈಗ ಹಳೆಯದಕ್ಕೆ ಐದಾರು ಸಾವಿರ ಡಾಲರ್, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಆ ಪುಣ್ಯಾತ್ಮ ಆಮೇಲೆ ತಂದ ಹೊಸ ಮಾದರಿಯ ಮೈಮೇಲೆಯೇ, ಈ ಹುಚ್ಚು ಗದ್ದಲ ನಾನು ಎಬ್ಬಿಸಿದ್ದಲ್ಲ ಎಂಬರ್ಥದ ಸಾಲನ್ನು ಅಚ್ಚು ಹಾಕಿಸಿದ. ನಮ್ಮವರು ಆ ಸಾಲನ್ನೂ ಭಕ್ತಿಯಿಂದ ಓದಿ, ಅದನ್ನೂ ಕೊಂಡರು.

"ಅಷ್ಟು ದುಡ್ಡಿಗೆ ಅದು ಏನು ಮಾಡುತ್ತದೆ?" ಎಂದೆ.

"ದನಿಯನ್ನು ಸ್ವಲ್ಪ ಒಡೆಯುತ್ತದೆ ಮಾವ. ಸ್ವಲ್ಪವೇ."

ಈ ಒಡಕು ದನಿಯ ಮೂಲವೇ ಒಂದು ಕೆಟ್ಟುಹೋದ ಯಂತ್ರ ಎಂದು ಅವನೇ ಹೇಳಿದ. ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೊ ಒಂದರಲ್ಲಿ ಧ್ವನಿಮುದ್ರಣದ ಯಂತ್ರ ಕೆಟ್ಟು ಗಿಟಾರ್ ಗೊಗ್ಗರಾಯಿತು. 1961ರಲ್ಲಿ ಆ ಹಾಡು ಹಾಗೆಯೇ ಹೊರಬಂತು, ಜನ ಮೆಚ್ಚಿದರು. 1962ರಲ್ಲಿ ಆ ದೋಷವನ್ನೇ ಡಬ್ಬಿಯಲ್ಲಿ ತುಂಬಿ ಮ್ಯಾಸ್ಟ್ರೊ ಫಝ್‌ಟೋನ್ ಎಂದು ಮಾರಿದರು. ನಮ್ಮ ಮನೆಯ ರೇಡಿಯೊ ಮೂವತ್ತು ವರ್ಷ ಇದೇ ದನಿಯಲ್ಲಿ ಪ್ರದೇಶ ಸಮಾಚಾರ ಓದಿತ್ತು. ಅದನ್ನು ಗುಜರಿಗೆ ಹಾಕಿದ ನನ್ನ ಅಪ್ಪನನ್ನು ಏನೆನ್ನಲಿ?

ಮರುದಿನ ಅವನನ್ನು ಮಂಡಿಪೇಟೆಯ ಹಿಂದಿನ ಓಣಿಯ ರೇಡಿಯೊ ರಿಪೇರಿ ಯಜಮಾನರ ಬಳಿಗೆ ಕರೆದೊಯ್ದೆ. ಹೀಗೆ ದನಿ ಒಡೆಯುವ ಹಳೆಯ ಫಝ್ ಪೆಡಲ್‌ಗಳ ಹೊಟ್ಟೆಯಲ್ಲಿರುವುದು ಜರ್ಮೇನಿಯಂ ಎಂಬ ಧಾತುವಿನ ಟ್ರಾನ್ಸಿಸ್ಟರ್, ದನಿಯನ್ನು ಹಿಗ್ಗಿಸುವ ಪುಟ್ಟ ಬಿಡಿಭಾಗ. ಅದನ್ನು ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯೂ ಅರವತ್ತರ ದಶಕದಲ್ಲಿ ತಯಾರಿಸುತ್ತಿತ್ತು. ಯಜಮಾನರು ಡ್ರಾಯರಿನಿಂದ ನಶ್ಯದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲೆ ಸುರಿದರು. ಮೂರು ಕಾಲಿನ ಪುಟ್ಟ ತಗಡಿನ ಕೊಳವೆಗಳು, ಮೈಮೇಲೆ ಎಸಿ 128 ಎಂಬ ಅಚ್ಚು. "ಎಸೆಯಲು ಇಟ್ಟಿದ್ದೆ ತಮ್ಮಾ. ಬೇಕಾದರೆ ಒಯ್ಯಿ, ಒಂದು ಚಹಾ ಕುಡಿಸಿದರೆ ಸಾಕು" ಎಂದರು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹುಡುಗ ಒಂದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ. ಐವತ್ತು ವರ್ಷದಿಂದ ಗಿರಾಕಿಗಳ ಮುಖ ನೋಡಿಯೇ ರಿಪೇರಿಯ ಮೊತ್ತ ಹೇಳಿದವರಿಗೆ ಅಷ್ಟು ಸಾಕಾಯಿತು. ಚಹಾ ಬರುವಷ್ಟರಲ್ಲಿ ಒಂದಕ್ಕೆ 300 ರೂಪಾಯಿ, ಕುಡಿದು ಮುಗಿಸುವಷ್ಟರಲ್ಲಿ 500. ಚಹಾದ ದುಡ್ಡನ್ನು ನಾನೇ ಕೊಟ್ಟೆ.

ಜರ್ಮೇನಿಯಂಗೆ ಸೆಕೆ ಆಗದು. ಬಿಸಿ ಏರಿದಂತೆ ಕರೆಂಟ್ ಸೋರಿ ದನಿ ಹದಗೆಡುತ್ತದೆ. ದಾವಣಗೆರೆಯಲ್ಲಿ ಮನುಷ್ಯರೂ ಹಾಗೆಯೇ, ಆದರೆ ನಮ್ಮನ್ನು ಯಾರೂ ಫ್ರಿಜ್ಜಿನಲ್ಲಿ ಇಡುವುದಿಲ್ಲ. ಆ ನಶ್ಯದ ಡಬ್ಬಿ ನಾಲ್ಕು ದಿನ ನನ್ನ ಹೆಂಡತಿಯ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕದಲ್ಲಿ ತಂಪಾಗಿತ್ತು.

ದರ ಏರುವುದಕ್ಕೆ ವಸ್ತು ಅಪರೂಪದ್ದಾಗಿರಲೇಬೇಕೆಂದೂ ಇಲ್ಲ. ಡಿಜಿಟೆಕ್ ಬ್ಯಾಡ್ ಮಂಕಿ ಎಂಬ ಅಗ್ಗದ ಪೆಡಲ್ಲನ್ನು ಸೆಕೆಂಡ್‌ಹ್ಯಾಂಡಿನಲ್ಲಿ 50 ಡಾಲರಿಗೂ ಕೇಳುವವರಿರಲಿಲ್ಲ. 2023ರಲ್ಲಿ ಒಂದು ಯೂಟ್ಯೂಬ್ ವಿಡಿಯೊದಲ್ಲಿ ಅದನ್ನು ಕ್ಲಾನ್ ಪಕ್ಕದಲ್ಲಿಟ್ಟು ನುಡಿಸಿ, ವ್ಯತ್ಯಾಸ ಹೇಳಿ ನೋಡೋಣ ಎಂದರು. ದುಬಾರಿಯದರ ದರ ಇಳಿಯಬೇಕಿತ್ತಲ್ಲವೇ? ಅಗ್ಗದ್ದಕ್ಕೆ ಕೆಲವೇ ದಿನಗಳಲ್ಲಿ ನೂರಾರು ಡಾಲರ್ ಕೇಳತೊಡಗಿದರು. ಚನ್ನಗಿರಿಯ ಅಡಿಕೆ ಬೆಳೆಗಾರನೂ ದರ ಏರಲಿ ಎಂದು ಮೂಟೆ ಕಟ್ಟಿ ಕಾಯುತ್ತಾನೆ, ನಿಜ. ಆದರೆ ಕೊನೆಗೆ ಯಾರೋ ಒಬ್ಬ ಅದನ್ನು ಅಗಿಯುತ್ತಾನೆ.

ಅಗಿಯುವವರ ಕಥೆಯನ್ನು ನಮ್ಮ ಬಡಾವಣೆಯ ಆರ್ಕೆಸ್ಟ್ರಾ ಗಿಟಾರಿನವನ ಬಾಯಲ್ಲಿ ಕೇಳಬೇಕು. ಮಗಳ ಶಾಲೆಯ ಫೀಸಿಗೆಂದು ತನ್ನ ಹಳೆಯ ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲ್ಲನ್ನು 2 ಸಾವಿರಕ್ಕೆ ಮಾರಿದ್ದ. ಈಗ ಅದೇ ಕಾಲದ ಇನ್ನೊಂದನ್ನು ಕೊಳ್ಳಹೊರಟರೆ ಮಗಳ ಮದುವೆಯ ಖರ್ಚು. ಅದರೊಳಗಿನ 4558 ಚಿಪ್ ನಮ್ಮ ಆಂಪ್ಲಿಫೈಯರ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ ಎಂದು ರಿಪೇರಿ ಯಜಮಾನರು ಹೇಳಿದಾಗ ಅಕ್ಕನ ಮಗ ಕಿವಿ ಮುಚ್ಚಿಕೊಂಡ. ಅದು ಆ ಕಾಲದ 4558 ಅಲ್ಲವಂತೆ.

ಹಬ್ಬದ ಕೊನೆಯ ರಾತ್ರಿ ಪೆಂಡಾಲಿನಲ್ಲಿ ರಸಮಂಜರಿ. ಪೆಡಲ್ ಕಳೆದುಕೊಂಡ ಅದೇ ಗಿಟಾರಿನವನು ನುಡಿಸುತ್ತಿದ್ದ. ಎರಡನೆಯ ಹಾಡಿಗೆ ಅಕ್ಕನ ಮಗ ಮಂಡಕ್ಕಿಯ ಪೊಟ್ಟಣವನ್ನು ನನ್ನ ಕೈಗೆ ತುರುಕಿ ಎದ್ದು ನಿಂತ. "ಮಾವ, ಈ ದನಿ! ಇದು ಅರವತ್ತರ ದಶಕದ್ದು, ನಿಸ್ಸಂಶಯವಾಗಿ!" ಜನರನ್ನು ದಾಟಿಕೊಂಡು ವೇದಿಕೆಯ ಬದಿಗೆ ಓಡಿದ. ಗಿಟಾರಿನವನ ಕಾಲ ಬಳಿ ಏನೂ ಇರಲಿಲ್ಲ, ಚಪ್ಪಲಿಯ ಹೊರತು.

ಮೈಕ್‌ಸೆಟ್ಟಿನವನು ಕೈಮುಗಿದುಬಿಟ್ಟ. "ತಪ್ಪು ತಿಳಿಯಬೇಡಿ ಸರ್. ಎಡಗಡೆಯ ಸ್ಪೀಕರಿನ ಕೋನ್ ಹರಿದಿದೆ. ಬೆಳಗ್ಗೆಯೇ ಹೊಸದು ಹಾಕಿಸುತ್ತೇನೆ."

"ಅಯ್ಯೋ, ಬೇಡ ಅಣ್ಣ! ಮುಟ್ಟಲೇಬೇಡಿ! ಎಷ್ಟಕ್ಕೆ ಕೊಡುತ್ತೀರಿ, ಹೇಳಿ."

ಮೈಕ್‌ಸೆಟ್ಟಿನವನು ಮುಗಿದ ಕೈಯನ್ನು ಮೆಲ್ಲನೆ ಇಳಿಸಿ, ಬಲಗಡೆಯ ಸ್ಪೀಕರಿನ ಕಡೆಗೊಮ್ಮೆ ನೋಡಿದ. ಅದು ಇನ್ನೂ ಹರಿದಿರಲಿಲ್ಲ.